ಆಚೆ, ಆಚ್ಚು

ಮಾರ್ಚ್ ನಾಲ್ಕು, ಎರಡು ಸಾವಿರದ ಮೂರು, ಮಂಗಳವಾರ ಬೆಳಿಗ್ಗೆ. ಅಲ್ಲಿಂದ ಶುರು ಮಾಡು ತೇಜಸ್. ಫ್ಯಾಕ್ಟರಿ ಇನ್ಸ್‌ಪೆಕ್ಟರು ನಾಳೆ ಆಸ್ಪತ್ರೆಗೆ, ಈ ಮಂಚದ ಹತ್ತಿರವೇ ಬರುತ್ತಾರೆ. ನಾನು ಸೇಫ್ಟಿ ಆಫೀಸರ್ ಅಲ್ಲವಾ, ನನ್ನನ್ನೂ ಕೇಳುತ್ತಾರೆ. ಇಬ್ಬರ ಮಾತೂ ಒಂದೇ ಇರಬೇಕು... ಬಲಗೈ ದಿಂಬಿನ ಮೇಲೇ ಇರಲಿ. ನಮ್ಮ ಮನೆಯವಳು ವೃಂದಾ ಸಾರನ್ನ ಕಳಿಸಿದ್ದಾಳೆ, ಎಡಗೈಯಲ್ಲಿ ತಿನ್ನು. ಅಭ್ಯಾಸ ಆಗಿಬಿಡುತ್ತೆ. ಅಂದರೆ... ಗಾಯ ಮಾಯುವವರೆಗೆ.

ಯಾಕಪ್ಪಾ ನಗುತ್ತೀಯ? ಸುರಕ್ಷತಾ ದಿನದಂದೇ ಹೀಗಾಯಿತು ಅಂತಲಾ? ನಗು. ಅಪ್ರೆಂಟಿಸ್‌ಗಳಿಗೆಲ್ಲ ಪ್ರತಿಜ್ಞೆ ಬೋಧಿಸಿ ಇನ್ನೂ ನನ್ನ ಗಂಟಲು ಆರಿರಲಿಲ್ಲ.

ತಗಡು ಎಳೆಯೋಕೆ ಇಕ್ಕಳ ಯಾಕೆ ಹಿಡಿಯಲಿಲ್ಲ ಅಂತ ಕೇಳಿದರೆ, ಮರೆತೆ ಅನ್ನು. ಗೊತ್ತು, ಗೊತ್ತು, ಅದು ಪ್ರದರ್ಶನದ ಮೇಜಿನ ಮೇಲಿತ್ತು. ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ನಾನೇ ಇಡಿಸಿದ್ದೆ. ಪ್ರೆಸ್ಸಿನ ಬಳಿ ಇರಬೇಕಾದದ್ದು ಅಲ್ಲೇಕೆ ಹೋಯಿತು ಅಂತ ಅವರು ಕೇಳಲ್ಲ. ಕೇಳದ್ದಕ್ಕೆ ಉತ್ತರ ಕೊಡೋದು ಬೇಡ.

ಈಗ ಮುಖ್ಯವಾದದ್ದು. ಪ್ರೆಸ್ಸಿನಲ್ಲಿ ತಗಡು ಸಿಕ್ಕಿಕೊಂಡಿತು. ನೀನು ಈ ಕಡೆಯಿಂದ ಕೈ ಹಾಕಿದೆ. ಏಳುಮಲೈ ಆ ಕಡೆ, ಸ್ವಿಚ್ಚಿನ ಹತ್ತಿರ. ಅವನಿಗೆ ನೀನು ಕಾಣಲ್ಲ, ಕೂಗಿದರೆ ಒತ್ತುತ್ತಾನೆ. ನೀನು 'ಆಚೆ' ಅಂದೆ, ತಗಡು ಆಚೆ ಬರ್ತಿದೆ ಅಂತ. ಅವನ ಕಿವಿಗೆ ಅದು ತಮಿಳಿನ 'ಆಚ್ಚು'. ಕೆಲಸ ಆಯಿತು, ಮುಗಿಯಿತು ಅಂತ. ಒತ್ತಿದ. ಅವನದೇನು ತಪ್ಪು? ನಮ್ಮ ವೆಸ್ಟ್ ಮಾಂಬಲದ ಮನೆಯಲ್ಲೇ ಎರಡೂ ಕಲಸಿಹೋಗಿದೆ. 'ಊಟ ಆಚ್ಚಾ?' ಅಂತ ವೃಂದಾ ಕೇಳಿದರೆ, ಆಚೆ ಹೋಗು ಅಂದಳು ಅಂತ ನಾನು ತಟ್ಟೆ ಬಿಟ್ಟು ಎದ್ದದ್ದುಂಟು.

ಆದರೆ ನಿಯಮ ನಿಯಮವೇ. ಯಂತ್ರದ ಬಳಿ ಒಂದೇ ಭಾಷೆ, ತಮಿಳು ಅಂತ ಗೋಡೆಯ ಮೇಲೆ ಬರೆಸಿದ್ದೇ ನಾನು. ಕನ್ನಡದಲ್ಲಿ ಕೂಗಿದವನು ನಿಯಮ ಮೀರಿದ ಹಾಗೆ. ಅಷ್ಟನ್ನು ಒಪ್ಪಿಕೊಂಡುಬಿಡು. ಸ್ಟೋರ್ಸಿನಲ್ಲಿ ಕೂರಿಸುತ್ತೇನೆ ಅಂತ ಮ್ಯಾನೇಜರ್ ಮಾತು ಕೊಟ್ಟಿದ್ದಾರೆ. ಬಾಯಿಮಾತೇ, ಆದರೂ ಮಾತು. ಕಂಪನಿಯ ಮೇಲೆ ಹೇಳಿದೆಯೋ, ಈ ಕೈ ಇಟ್ಟುಕೊಂಡು ನಿನಗೆ ಇನ್ನೆಲ್ಲಿ ಫಿಟ್ಟರ್ ಕೆಲಸ?

ನಿಮ್ಮ ತಾಯಿ ಶಿವಲಿಂಗಮ್ಮನವರು ನಂಜನಗೂಡಿನಿಂದ ಬಂದವರೇ ನನಗೆ ಕೈ ಮುಗಿದರು. ನೀವಿದ್ದದ್ದಕ್ಕೆ ಮಗ ಉಳಿದ ಅಂದರು. ದೊಡ್ಡವರ ಮಾತಿಗೆ ಎದುರು ಹೇಳಬಾರದು.

ಹಾಗೆ ನೋಡಬೇಡ. ನಾನು ಶೆಡ್ಡಿನಲ್ಲಿರಲಿಲ್ಲ. ಗೇಟಿನ ಹತ್ತಿರ ಬ್ಯಾನರ್ ಕಟ್ಟಿಸುತ್ತಿದ್ದೆ. ನಿನ್ನ ಚೀರಾಟ ಕೇಳಿ ಓಡಿ ಬಂದೆ. ಅಷ್ಟೇ.

ಯಾಕೆ, ತಿನ್ನೋದು ನಿಲ್ಲಿಸಿದೆ? ಉಪ್ಪು ಹೆಚ್ಚಾಯಿತಾ? ಮತ್ತೆ...

ಓ. 'ಆಚೆ' ಅಂದದ್ದು ನನಗೆ ಹೇಗೆ ಗೊತ್ತು ಅಂತಲಾ? ಏಳುಮಲೈ ಹೇಳಿದ. ಅಲ್ಲ... ಅವನು ಕೇಳಿಸಿಕೊಂಡದ್ದು ಆಚ್ಚು. ಆಚ್ಚು ಅಂದಾನ್ ಸಾರ್, ಅದಕ್ಕೇ ಒತ್ತಿದೆ, ಅಂತಲೇ ಇವತ್ತಿಗೂ ಅಳುತ್ತಾನೆ. ಹಾಗಾದರೆ ನೀನೇ ಹೇಳಿರಬೇಕು. ಹೇಳಿಲ್ಲವಾ... ಹೌದು, ಅಪಘಾತ ಆದಾಗಿನಿಂದ ನೀನು ಒಂದು ಮಾತೂ ಆಡಿಲ್ಲ. ನರ್ಸ್ ಕೂಡ ಅದನ್ನೇ ಅಂದಳು.

ತಲೆ ಆಡಿಸಬೇಡ. ಒಂದು ಮಾತು ಹೇಳುತ್ತೇನೆ. ಕೈ ಒಳಗಿಟ್ಟವನು ಆಚೆ ಅನ್ನಲ್ಲ, ಒಪ್ಪಿದೆ. ಯಾರೋ ಹಿಂದೆ ನಿಂತಿದ್ದವನು, ಕೈ ಆಚೆ ತೆಗೆಯೋ ಅನ್ನೋಕೆ ಹೋಗಿ... ಒಳ್ಳೆಯದಕ್ಕೇ ತಾನೇ ಅಂದಿರುತ್ತಾನೆ? ಗಾಬರಿಯಲ್ಲಿ ಗೋಡೆ ಓದಿಕೊಂಡು ಯಾರು ಕೂಗುತ್ತಾರೆ? ಮನೆಮಾತೇ ಬರುತ್ತೆ. ನೀನಾದರೂ ಅಷ್ಟೇ...

ತಿನ್ನಪ್ಪಾ. ಆರಿಹೋಗುತ್ತೆ.

ಇನ್ಸ್‌ಪೆಕ್ಟರು ಇಷ್ಟು ದೂರ ಯೋಚಿಸಲ್ಲ. ಯೋಚಿಸಿದರೂ, ಆ ಹೊತ್ತು ಶೆಡ್ಡಿನಲ್ಲಿ ಎಷ್ಟು ಜನ ಇದ್ದರು ಅಂತ ಕೇಳಬಹುದು. ಮೂವತ್ತು ಜನ ಅನ್ನು. ಸಾಕು. ಅದರಲ್ಲಿ ಕನ್ನಡ ಬಲ್ಲವರು ಎಷ್ಟು ಅಂತ ಮಾತ್ರ ಕೇಳದಿದ್ದರೆ...

ಇಬ್ಬರು.