ಉಪದೇಶಿಗಳ ಎಡತೋಳು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷ ಸ್ಥಾನದಲ್ಲಿರುವ ಈ ಚರ್ಚಿನ ಪಾದ್ರಿಗಳಾದ ಪೂಜ್ಯ ಅಯ್ಯನವರೇ, ಉಪದೇಶಿಗಳ ಸಾಮಾನು ಒಯ್ಯಲು ನೆಲಮಂಗಲದ ಸಭೆಯಿಂದ ಟೆಂಪೋ ಸಮೇತ ದಯಮಾಡಿಸಿರುವ ಮುಖ್ಯ ಅತಿಥಿಗಳಾದ ದೇವಮಿತ್ರ ಅವರೇ, ಇಂದಿನ ನಮ್ಮ ಸಂತೋಷಕ್ಕೂ ಬೇಸರಕ್ಕೂ ಒಬ್ಬರೇ ಕಾರಣರಾದ ಉಪದೇಶಿ ಸಮಾಧಾನಪ್ಪನವರೇ, ಅವರ ಧರ್ಮಪತ್ನಿಯವರೇ, ಕೊನೆಯಲ್ಲಿ ಬಿಚ್ಚಬೇಕಾದ ಲಾಡು ಪೊಟ್ಟಣವನ್ನು ಮೊದಲೇ ಬಿಚ್ಚಿರುವ ಮುಂದಿನ ಸಾಲಿನ ಮಕ್ಕಳೇ, ದೊಡ್ಡಬಳ್ಳಾಪುರದ ಸಮಸ್ತ ಸಭಿಕರೇ,

ಕಾರ್ಯದರ್ಶಿಗಳು ನನಗೆ ಎರಡು ಮಾತಾಡಲು ಐದು ನಿಮಿಷ ಕೊಟ್ಟಿದ್ದಾರೆ. ಮೂರನೇ ಸಾಲಿನಲ್ಲಿ ಕುಳಿತಿರುವ ನನ್ನ ಮನೆಯವರು, ನಾರಾಯಣಮ್ಮನವರು, ಒಂದೇ ಒಂದು ಷರತ್ತು ಹಾಕಿದ್ದಾರೆ. "ಏನಾದ್ರೂ ಮಾತಾಡಿ, ಆ ತೋಳಿನ ವಿಷ್ಯ ಮಾತ್ರ ಎತ್ಬೇಡಿ." ನಾನು ಎತ್ತುವುದಿಲ್ಲ. ಎರಡೇ ಮಾತು ಆಡಿ ಕೂರುತ್ತೇನೆ.

ನಾನು ರಾಮಾಂಜಿನಪ್ಪ. ಈ ಚರ್ಚಿನ ಕಾಂಪೌಂಡಿಗೆ ಅಂಟಿಕೊಂಡ ಬೀದಿಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ ಇಟ್ಟುಕೊಂಡಿರುವವನು. ನಾನು ಈ ಸಭೆಗೆ ಸೇರಿದವನಲ್ಲ, ಪಕ್ಕದ ಗೋಡೆಗೆ ಸೇರಿದವನು. ನೀವು ಭಾನುವಾರ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಗೋಡೆಯಾಚೆ ಟಕಟಕ ಸದ್ದು ಬರುತ್ತಿತ್ತಲ್ಲ, ಅದು ನಾನೇ. ಉಪದೇಶಿಗಳು ಅದಕ್ಕಾಗಿ ಒಂದು ದಿನವೂ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಸಮಾಧಾನಪ್ಪ ಎಂದು ಹೆಸರಿಟ್ಟ ತಂದೆತಾಯಿಗಳು ದೂರದೃಷ್ಟಿಯುಳ್ಳವರು.

ಅವರು ಈ ಊರಿಗೆ ಬಂದದ್ದು ಎಂಬತ್ತೆಂಟರಲ್ಲಿ. ಸೈಕಲ್ಲಿನ ಹಿಂದೆ ಒಂದು ಹಸಿರು ಟ್ರಂಕು. ಬೀದಿಯವರೆಲ್ಲ ಹಲ್ಲುಪುಡಿ ಮಾರುವವನು ಬಂದ ಎಂದುಕೊಂಡೆವು. ಸಂಜೆ ಲೈಟುಕಂಬದ ಕೆಳಗೆ ಟ್ರಂಕು ತೆರೆದರು ನೋಡಿ, ಖಾಲಿ ಚೀಲದಿಂದ ಕರಿ ಬಟ್ಟೆ ಬಂತು, ಇದು ಪಾಪ ಎಂದರು. ಕೆಂಪು ಬಂತು, ಇದು ಯೇಸುಸ್ವಾಮಿಯ ರಕ್ತ ಎಂದರು. ಕೊನೆಗೆ ಬಿಳಿ ಬಂತು, ಇದು ತೊಳೆದ ಹೃದಯ ಎಂದರು. ನಮ್ಮ ಬೀದಿಯಲ್ಲಿ ನೂಲಿಗೆ ಬಣ್ಣ ಹಾಕುವ ಕೊಂಡಪ್ಪ ನನ್ನ ಕಿವಿಯಲ್ಲಿ, "ಕರಿ ಬಣ್ಣ ಇಷ್ಟು ಸಲೀಸಾಗಿ ಬಿಡ್ತದೇನ್ಲಾ? ಯಾವ ಸೋಪು ಕೇಳ್ಲಾ" ಎಂದ. ಕೊಂಡಪ್ಪನಿಗೆ ಸುವಾರ್ತೆ ತಲುಪಿದ್ದು ಅಷ್ಟೇ.

ಆಮೇಲೆ ಒಂದು ಕರವಸ್ತ್ರ ತೆಗೆದು, ಕತ್ತರಿಯಿಂದ ಕಚಕ್ಕನೆ ಎರಡು ತುಂಡು ಮಾಡಿ, "ಮನುಷ್ಯ ದೇವರಿಂದ ಹೀಗೆ ಬೇರೆಯಾದ" ಎಂದರು. ತುಂಡುಗಳನ್ನು ಮುಷ್ಟಿಯಲ್ಲಿ ಮುದುರಿ ಒಂದು ಉಸಿರು ಊದಿ ಬಿಡಿಸಿದರೆ ಇಡೀ ಕರವಸ್ತ್ರ! ಮಕ್ಕಳು ಚಪ್ಪಾಳೆ ಹೊಡೆದವು. "ಇದು ಕೈಚಳಕ ಮಕ್ಕಳೇ, ಪವಾಡವಲ್ಲ. ಬೇರೆಯಾದವರನ್ನು ಕೂಡಿಸುವ ಪವಾಡ ದೇವರದ್ದು" ಎಂದು ಉಪದೇಶಿಗಳು ಅವತ್ತೇ ಹೇಳಿದರು. ಪ್ರತಿ ಸಲವೂ ಹೇಳುತ್ತಿದ್ದರು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ನನಗೆ ಬೇಕಾಗುತ್ತದೆ.

ನನ್ನ ಮಗಳು ಅಕ್ಷತ ಆಗ ಏಳು ವರ್ಷದವಳು. ಮನೆಗೆ ಬಂದವಳೇ, "ಅಪ್ಪಾ, ನಿಂಗೆ ಒಂದು ಎಳೆ ಕಡಿದ್ರೆ ಗಂಟು ಹಾಕಕ್ಕೆ ಅಷ್ಟೊತ್ತು ಬೇಕು. ಆ ಮಾಮ ಕತ್ತರಿಸಿದ್ ಬಟ್ಟೇನೇ ಫೂ ಅಂತ ಕೂಡಿಸ್ಬಿಟ್ರಲ್ಲ" ಎಂದಳು. ಸಭಿಕರೇ, ಒಬ್ಬ ನೇಕಾರನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಹದಿನೆಂಟು ವರ್ಷ ಮಗ್ಗದ ಮುಂದೆ ನಿಂತ ಕಾಲಿಗೆ ಬೆಲೆ ಇಲ್ಲ, ಒಂದು ಉಸಿರಿಗೆ ಬೆಲೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಹೊಟ್ಟೆಕಿಚ್ಚು ಎನ್ನುತ್ತಾರಲ್ಲ, ಅದೇ. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅದೂ ಅಲ್ಲದೆ ನಾನು ನೋಡಿಬಿಟ್ಟಿದ್ದೆ. ಕತ್ತರಿಸಿದ ಬಟ್ಟೆ ಬೇರೆ ಮಗ್ಗದ್ದು, ಕೂಡಿಬಂದ ಬಟ್ಟೆ ಬೇರೆ ಮಗ್ಗದ್ದು. ಅಂಚಿನಲ್ಲಿ ನಾಲ್ಕು ಎಳೆ ವ್ಯತ್ಯಾಸ. ಊರಿಗೆಲ್ಲ ಕಾಣದ್ದು ನೇಕಾರನ ಕಣ್ಣಿಗೆ ಕಾಣುತ್ತದೆ. ಕೈ ಎಲ್ಲಿಗೆ ಹೋಗಿಬಂತು ಎಂಬುದನ್ನೂ ನೋಡಿದ್ದೆ. ಎಲ್ಲಿಗೆ ಎಂದರೆ...

ನಾರಾಯಣಮ್ಮ ತಲೆ ಅಲ್ಲಾಡಿಸುತ್ತಿದ್ದಾರೆ. ಇರಲಿ. ಎತ್ತುವುದಿಲ್ಲ.

ಆ ವರ್ಷದ ಕ್ರಿಸ್‌ಮಸ್ ಕಾರ್ಯಕ್ರಮ ಇದೇ ಹಾಲಿನಲ್ಲಿ ನಡೆಯಿತು. ಆಗಿನ ಅಯ್ಯನವರು ಬೇರೆ. ಈಗ ಅವರು ಇಲ್ಲಿಲ್ಲ, ಆದ್ದರಿಂದ ಧೈರ್ಯವಾಗಿ ಹೇಳಬಹುದು, ಅವರಿಗೆ ಈ ಟ್ರಂಕು ಕಂಡರೆ ಆಗುತ್ತಿರಲಿಲ್ಲ. ಬೆಂಗಳೂರಿನಿಂದ ದೊಡ್ಡ ಅತಿಥಿಗಳು ಬಂದಿದ್ದರು. ನೇಕಾರರ ಬೀದಿಯನ್ನೆಲ್ಲ ಕರೆದಿದ್ದರು. ನಮಗೆ ಗೌರವ ತೋರಿಸಬೇಕೆಂದು ಉಪದೇಶಿಗಳು ಹಳೆಯ ಕರವಸ್ತ್ರ ಬಿಟ್ಟು, ಈ ಊರಿನ ಅಂಗಡಿಯಲ್ಲೇ ಹೊಸ ರೇಷ್ಮೆ ವಸ್ತ್ರ ಕೊಂಡು ತಂದಿದ್ದರು. ಕೆನೆಬಣ್ಣ, ಕೆಂಪಂಚು. ಎತ್ತಿ ಹಿಡಿದರು. ನಾನು ನೋಡುತ್ತೇನೆ, ಅದು ನನ್ನ ಮಗ್ಗದ್ದೇ!

ಅವರು ಕತ್ತರಿ ತೆಗೆದರು. ಇಡೀ ಹಾಲು ಎದ್ದು ನಿಂತಿತು.

ಜನ ಆನಂದದಿಂದ ಎದ್ದಿದ್ದಾರೆ ಎಂದುಕೊಂಡು ಅತಿಥಿಗಳೂ ಎದ್ದರು. ಆದರೆ ನಮ್ಮವರು ಎದ್ದದ್ದು ಬೇರೆ ಕಾರಣಕ್ಕೆ. ನಮ್ಮ ಬೀದಿಯಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಮುಟ್ಟಿಸದೆ ಅದಕ್ಕೆ ಕತ್ತರಿ ತಾಗಿಸುವುದಿಲ್ಲ. ಅದೂ ಶುಕ್ರವಾರ, ಅದೂ ದೀಪ ಹಚ್ಚಿದ ಮೇಲೆ! "ಅಯ್ಯೋ ನಿಲ್ಲಿಸಯ್ಯಾ" ಎಂದು ಹತ್ತು ಗಂಟಲು ಕೂಗಿದವು. ನನ್ನ ತಾಯಿ ಕದಿರಮ್ಮ, ಕಣ್ಣಿನಲ್ಲಿ ಪೊರೆ ಬೆಳೆದು ಮಾರುದೂರ ಕಾಣದವರು, ಕೋಲೂರಿಕೊಂಡು ಈ ವೇದಿಕೆ ಹತ್ತಿಬಿಟ್ಟರು. ರೇಷ್ಮೆಯನ್ನು ಉಪದೇಶಿಗಳ ಕೈಯಿಂದ ಕಿತ್ತುಕೊಂಡು, "ಕತ್ತರಿಸ್ಲೇಬೇಕು ಅಂದ್ರೆ ನಿನ್ನ ಎಡತೋಳಲ್ಲಿ ಇನ್ನೊಂದೈತಲ್ಲಪ್ಪಾ, ಅದನ್ನ ಕತ್ತರ್ಸು" ಎಂದು ಜುಬ್ಬದ ತೋಳಿಗೆ ಕೈಹಾಕಿ ಎಳೆದರು. ಬಂತು. ಒಳಗೆ ಹೊಲಿದುಕೊಂಡಿದ್ದ ಚೀಲದ ಸಮೇತ, ಅದೇ ಬಣ್ಣದ ಆದರೆ ಬೇರೆ ಮಗ್ಗದ ಇನ್ನೊಂದು ವಸ್ತ್ರ ಬಂತು.

ಎತ್ತಿಬಿಟ್ಟೆ. ಕ್ಷಮಿಸಬೇಕು ನಾರಾಯಣಮ್ಮನವರೇ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹಾಲು ಕಾಲು ಗಂಟೆ ನಕ್ಕಿತು. ಉಪದೇಶಿಗಳು ನಗುತ್ತಲೇ, "ಅಮ್ಮಾ, ಆ ರೇಷ್ಮೆ ನೀವೇ ಇಟ್ಟುಕೊಳ್ಳಿ" ಎಂದು ಕೈಮುಗಿದು ಇಳಿದರು. ಮರುದಿನವೇ ಅಯ್ಯನವರು ಟ್ರಂಕಿಗೆ ಬೀಗ ಹಾಕಿಸಿ ಬೀಗದ ಕೈ ತಾವಿಟ್ಟುಕೊಂಡರು. ಮಕ್ಕಳು ಬೀದಿಯಲ್ಲಿ ಅವರ ತೋಳು ಎಳೆದು ಎಳೆದು, ಪಾಪ, ಅವರು ಅರ್ಧ ತೋಳಿನ ಶರ್ಟಿಗೆ ಇಳಿದರು. 'ತೋಳಿನ ಉಪದೇಶಿ' ಎಂಬ ಹೆಸರು ಬಿತ್ತು. ನೀವೆಲ್ಲ ಅಂದಿದ್ದೀರಿ. ನಾನೂ ಅಂದಿದ್ದೇನೆ.

ಈಗ ಒಂದು ಪ್ರಶ್ನೆ. ಮಾರುದೂರ ಕಾಣದ ಮುದುಕಿಗೆ ತೋಳಿನೊಳಗಿನದು ಹೇಗೆ ಕಂಡಿತು? ಹತ್ತು ವರ್ಷದಲ್ಲಿ ಈ ಊರಿನಲ್ಲಿ ಒಬ್ಬರೂ ಇದನ್ನು ಕೇಳಲಿಲ್ಲ. ಒಬ್ಬರು ಮಾತ್ರ ಕೇಳಿದರು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಕರೆಂಟು ಹೋಗಿ ಮಗ್ಗ ನಿಂತಿದ್ದಾಗ, ಉಪದೇಶಿಗಳು ನನ್ನ ಷೆಡ್ಡಿಗೆ ಬಂದು ಕುಳಿತರು. "ರಾಮಾಂಜಿನಪ್ಪಾ, ನನ್ನ ಬಟ್ಟೇಲಿ ಏನು ತಪ್ಪಿತ್ತು ಹೇಳಪ್ಪ. ಅದು ನೇಯೋರ ಕಣ್ಣಿಗೇ ಕಾಣೋ ತಪ್ಪು. ನಿಮ್ಮ ತಾಯಿಗೆ ಕಣ್ಣು ಕಾಣಲ್ಲ" ಎಂದರು. ಅಷ್ಟೇ. ಯಾರು ಹೇಳಿಕೊಟ್ಟರು ಎಂದು ಕೇಳಲಿಲ್ಲ. ನಾನು ಟೀ ತರಿಸಿದೆ. ಕ್ಷಮಿಸಿ ಎನ್ನಬೇಕಿತ್ತು, ಸಕ್ಕರೆ ಸಾಕೇ ಎಂದೆ.

ಆದರೆ ಕೆಲಸ ಮಾಡಿದೆ. ಒಂದೇ ಹಾಸು, ಒಂದೇ ಹೊಕ್ಕು, ಒಂದರ ಹಿಂದೆ ಒಂದರಂತೆ ಎರಡು ವಸ್ತ್ರ ನೇಯ್ದು ಅವರಿಗೆ ಕೊಟ್ಟೆ. ಬ್ರಹ್ಮನೇ ಬಂದು ಎಳೆ ಎಣಿಸಿದರೂ ವ್ಯತ್ಯಾಸ ಸಿಗಬಾರದು, ಹಾಗೆ. ತೊಂಬತ್ತರ ಬೇಸಿಗೆ ರಜೆಯ ಹೊತ್ತಿಗೆ ಹೊಸ ಅಯ್ಯನವರು ಬಂದಿದ್ದರು. ಅವರು ಟ್ರಂಕಿನ ಬೀಗ ತೆಗೆಸಿ, "ಒಂದೇ ಒಂದು ಅವಕಾಶ. ಇನ್ನೊಮ್ಮೆ ನಗೆಪಾಟಲಾದರೆ ಟ್ರಂಕು ಒಲೆಗೆ" ಎಂದರು. ಆಟದ ದಿನ ಉಪದೇಶಿಗಳು ಮಾಡಿದ್ದೇನು ಗೊತ್ತೇ? ಮತ್ತೆ ಜುಬ್ಬ ತೊಟ್ಟು ಬೀದಿಯ ಮುಂದೆ ನಿಂತು, "ಕದಿರಮ್ಮನವರೇ, ಬನ್ನಿ, ನೀವೇ ಅರಿಶಿನ ಮುಟ್ಟಿಸಿಕೊಡಿ" ಎಂದು ಕರೆದರು. ನನ್ನ ತಾಯಿ ಅರಿಶಿನ ಕಲಸಿ ಮೂಲೆಗೆ ಹಚ್ಚಿದರು. ತೋಳಿನೊಳಗಿದ್ದ ಜೋಡಿಗೆ ನಾನು ಬೆಳಿಗ್ಗೆಯೇ ಹಚ್ಚಿಟ್ಟಿದ್ದೆ. ಕತ್ತರಿ ಆಡಿತು, ಉಸಿರು ಊದಿದರು, ಬಟ್ಟೆ ಕೂಡಿತು.

ಚಪ್ಪಾಳೆ ಬೀಳಲಿಲ್ಲ. ಎಲ್ಲರೂ ನನ್ನ ತಾಯಿಯ ಕಡೆ ನೋಡುತ್ತಿದ್ದರು. ಅವರು ಬಟ್ಟೆಯನ್ನು ತೆಗೆದುಕೊಂಡು ಅಂಚು ಸವರಿದರು. ಮೂಲೆಯ ಅರಿಶಿನದ ಮೇಲೆ ಹೆಬ್ಬೆಟ್ಟು ಆಡಿಸಿದರು. ಇನ್ನೊಮ್ಮೆ ಆಡಿಸಿದರು. ಕೊಂಡಪ್ಪ ಕೂಗಿದ, "ಏನಜ್ಜಿ, ಅದೇ ಬಟ್ಟೇನಾ?"

ನನ್ನ ತಾಯಿ ಹೇಳಿದರು, "ಅದೇ ಕಣ್ರಪ್ಪಾ. ನಮ್ಮ ಮಗ್ಗದ್ದೇ."

ಮನೆಗೆ ಬಂದು ಕೈಕಾಲು ತೊಳೆದು, ನನ್ನನ್ನು ಒಳಗೆ ಕರೆದರು. "ಅರಿಶಿನ ಒಣಗೋಗಿತ್ತು ಕಣೋ. ಮುಂದಿನ ಸಲ ಒಂದು ಚೂರು ನೀರು ಜಾಸ್ತಿ ಹಾಕು." ಅಷ್ಟೇ ಹೇಳಿದ್ದು. ಆಮೇಲೆ ಐದು ವರ್ಷ, ಕಣ್ಣು ಪೂರ್ತಿ ಹೋದ ಮೇಲೂ, ಉಪದೇಶಿಗಳ ಆಟ ಇದ್ದ ಕಡೆಗೆಲ್ಲ, ಅನುಗೊಂಡನಹಳ್ಳಿಯವರೆಗೆ ಬಸ್ಸಿನಲ್ಲಿ ಹೋಗಿ ಅರಿಶಿನ ಹಚ್ಚಿ ಬಂದರು. ಗುಡಿಯ ಹತ್ತಿರ ಸಿಕ್ಕ ನಮ್ಮ ಬೀದಿಯ ಹಿರಿಯರು ವೆಂಕಟರಮಣಪ್ಪನವರು, "ಏನಮ್ಮಾ, ಆ ಕಡೆ ಸೇರ್ಕೊಂಡ್ಯಾ?" ಎಂದು ಕೇಳಿದ್ದಕ್ಕೆ, "ನಮ್ಮ ಬಟ್ಟೆ ಹೋಗ್ತೈತೆ, ಜೊತೆಗೆ ನಾನು ಹೋಗ್ತೀನಿ" ಎಂದಿದ್ದರು. ತೊಂಬತ್ತೈದರಲ್ಲಿ ಅವರು ತೀರಿಕೊಂಡ ದಿನ ಉಪದೇಶಿಗಳು ನಮ್ಮ ಜಗಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕುಳಿತಿದ್ದರು. ಪ್ರಾರ್ಥನೆ ಮಾಡುತ್ತೇನೆಂದು ಕೇಳಲಿಲ್ಲ. ಬಂದವರಿಗೆ ನೀರು ಕೊಟ್ಟರು.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಮುಗಿಸುತ್ತೇನೆ.

ಸಭಿಕರೇ, ಎಂಬತ್ತೆಂಟರಲ್ಲಿ ನನ್ನ ತಾಯಿಗೆ ಎಡತೋಳಿನ ಗುಟ್ಟು ಹೇಳಿಕೊಟ್ಟವನು ನಾನು. ಹೊಟ್ಟೆಕಿಚ್ಚಿನಿಂದ ಹೇಳಿದೆ. ಉಪದೇಶಿಗಳು ಮೋಸ ಮಾಡಿದವರಲ್ಲ; ಕೈಚಳಕ ಎಂದು ಮೊದಲ ದಿನವೇ ಹೇಳಿದ್ದರು, ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ಒಳಗೊಂದು ಹೊರಗೊಂದು ಇಟ್ಟುಕೊಂಡಿದ್ದವನು ನಾನು. ಅವರು ಅದನ್ನು ಹತ್ತು ವರ್ಷದಿಂದ ಬಲ್ಲರು, ಯಾಕೆ ಹೇಳಿಕೊಟ್ಟೆ ಎಂದು ಒಂದು ದಿನವೂ ಕೇಳಲಿಲ್ಲ. ಇವತ್ತು ಎಲ್ಲರ ಮುಂದೆ ಹೇಳುತ್ತಿದ್ದೇನೆ. ಉಪದೇಶಿಗಳೇ, ನನ್ನನ್ನು ಕ್ಷಮಿಸಿ. ನೀವು ಹೋಗುತ್ತಿರುವುದು ನನಗೆ ಚೆನ್ನಾಗಿಲ್ಲ. ನೆಲಮಂಗಲದಲ್ಲಿ ಲಾರಿಯವರು ಜಾಸ್ತಿ, ಅಂಚು ನೋಡುವವರಿಲ್ಲ, ನಿಮಗೆ ಅಲ್ಲಿ ಸುಲಭ. ದೇವಮಿತ್ರ ಅವರು ಮಾತ್ರ ಇಲ್ಲಿ ಕೇಳಿದ್ದನ್ನು ಟೆಂಪೋ ಹತ್ತುವ ಮೊದಲು ಮರೆಯಬೇಕೆಂದು ಪ್ರಾರ್ಥನೆ.

ಇಗೋ, ಈ ಕೆನೆಬಣ್ಣದ ಕೆಂಪಂಚಿನ ರೇಷ್ಮೆ. ನನ್ನ ತಾಯಿ ಕಿತ್ತುಕೊಂಡದ್ದು. ಕೊನೆಯವರೆಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಕತ್ತರಿ ತಾಗಿಸಲಿಲ್ಲ. ಇದನ್ನೇ ಶಾಲಿನ ಬದಲು ನಿಮಗೆ ಹೊದಿಸುತ್ತೇನೆ. ಇದಕ್ಕೆ ಸರಿಜೋಡಿ ಇಲ್ಲವಲ್ಲ ಎಂದು ನೀವು ಯೋಚಿಸುತ್ತಿರಬಹುದು. ನೀವು ಈಗ ತೊಟ್ಟಿರುವ ಕೋಟನ್ನು ಇಸ್ತ್ರಿ ಮಾಡಿಸಿ ತಂದು, ಸಭೆಗೆ ಮುಂಚೆ ನಿಮಗೆ ತೊಡಿಸಿದವನು ಯಾರು? ಸ್ವಲ್ಪ ಎಡತೋಳು ಮುಟ್ಟಿ ನೋಡಿಕೊಳ್ಳಿ. ಹತ್ತು ವರ್ಷದ ಹಿಂದಿನ ಎಳೆ ಎಣಿಸಿ ಎಣಿಸಿ ನೇಯ್ದಿದ್ದೇನೆ. ಅರಿಶಿನವನ್ನೂ ಹಚ್ಚಿದ್ದೇನೆ. ಈ ಸಲ ನೀರು ಸ್ವಲ್ಪ ಜಾಸ್ತಿಯೇ ಹಾಕಿದ್ದೇನೆ, ಅಂಗಿಗೆ ಹತ್ತಿದ್ದರೆ ಅದಕ್ಕೂ ಕ್ಷಮಿಸಿ.

ಐದು ನಿಮಿಷವನ್ನು ಎಳೆದು ಸೀರೆಯಷ್ಟು ಉದ್ದ ಮಾಡಿದರೂ ಕುಳಿತು ಕೇಳಿದ ನಿಮಗೆಲ್ಲ, ಕತ್ತರಿ ಹಾಕದ ಕಾರ್ಯದರ್ಶಿಗಳಿಗೆ, ಇವತ್ತು ರಾತ್ರಿ ಮನೆಯಲ್ಲಿ ನನಗೆ ಊಟ ಹಾಕಲಿರುವ ನಾರಾಯಣಮ್ಮನವರಿಗೆ ವಂದನೆಗಳು.

ನಮಸ್ಕಾರ.