ಮೆರ್ಯಾ ಸಣ್ಣಗಾದ ಬಗೆ

ಹೂಂ, ಬಸ್ಸಲ್ಲೇ. ಜನ ತುಂಬಿದ್ದಾಗಲೇ. ಪ್ಯಾಂಟು ಜಾರಿ ಸೀದಾ ಮಂಡಿಗೆ ಬಂತು... ನಗು, ನಗು. ನಿಧಾನ ಮಾತ್ರ. ನಿನ್ನ ರಕ್ತವೆಲ್ಲ ಆ ಡಯಾಲಿಸಿಸ್ ಮೆಷಿನ್ನೊಳಗೆ ಸುತ್ತಾಡ್ತಿದೆ, ನಕ್ಕು ನಕ್ಕು ಸೂಜಿ ಗೀಜಿ ಕಿತ್ಕೊಂಡ್ರೆ ನರ್ಸು ನನ್ನನ್ನ ಆಚೆ ಹಾಕ್ತಾಳೆ.

ಆಗಿದ್ದೇನು ಅಂದ್ರೆ, ಮಾರ್ಕೆಟ್ ಸ್ಟಾಪಲ್ಲಿ ಒಬ್ಬ ಮುದುಕಪ್ಪ ಊರ್ಕೊಂಡು ನಡೆಯೋ ಸಣ್ಣ ಗಾಲಿಗಾಡಿ ಹಿಡ್ಕೊಂಡು ನಿಂತಿದ್ದ. ಹಿಮ ಕರಗಿ ಕೆಸರಾಗಿದೆಯಲ್ಲ, ಅದರಲ್ಲಿ ಗಾಲಿ ಹೂತ್ಹೋಗಿತ್ತು. ಹತ್ತಿಸೋಣ ಅಂತ ನಾನು ಡ್ರೈವರ್ ಸೀಟಿಂದ ಎದ್ದೆ. ನಾನು ಎದ್ದೆ, ಪ್ಯಾಂಟು ಏಳಲಿಲ್ಲ. ಮೂವತ್ತು ಕಿಲೋ ಹೆಚ್ಚಿದ್ದಾಗ ಹೊಲಿಸಿದ್ದು ಅದು. ಒಳಗೆ ನಾನು ಹಾಕ್ಕೊಂಡಿದ್ದದ್ದು ಆ ದಪ್ಪ ಉಣ್ಣೆ ಚಡ್ಡಿ, ಹಿಮಸಾರಂಗದ ಚಿತ್ರ ಇರೋದು... ಹೌದು ಕಣೋ, ನೀನೇ ಕ್ರಿಸ್‌ಮಸ್ಸಿಗೆ ಕೊಟ್ಟಿದ್ದು. ನಮ್ಮ ಕುವೊಪಿಯೊ ಊರಿನ ಜನ ಗೊತ್ತಲ್ಲ, ಡ್ರೈವರಿಗೆ ಬೆಂಕಿ ಹತ್ತಿದ್ರೂ ಕಿಟಕಿ ಆಚೆ ನೋಡ್ತಾರೆ. ಆ ಮುದುಕಪ್ಪ ಒಬ್ಬ ಮಾತ್ರ ನಿಧಾನವಾಗಿ ಮೇಲಿಂದ ಕೆಳಗೆ ನೋಡಿ, "ಎಷ್ಟೋ ವರ್ಷದಿಂದ ಈ ಬಸ್ಸಲ್ಲಿ ಬರ್ತಿದೀನಮ್ಮ, ಇವತ್ತು ಟಿಕೆಟ್ಟಿನ ದುಡ್ಡು ವಸೂಲಾಯ್ತು" ಅಂದ.

ಬೆಲ್ಟು ಯಾಕೆ ಹಾಕಿರಲಿಲ್ಲ ಅಂತೀಯ? ನನಗೆ ಬೆಲ್ಟು ಯಾವತ್ತು ಬೇಕಾಗಿತ್ತೋ ಇಲ್ಪೊ? ಜನ್ಮದಲ್ಲಿ ಪ್ಯಾಂಟು ನನ್ನ ಮೇಲಿಂದ ಜಾರಿದ್ದಿಲ್ಲ. ಹತ್ತೋದೇ ಕಷ್ಟ ಆಗಿತ್ತು ಅದಕ್ಕೆ. ಸೀಟು ಎಷ್ಟು ಹಿಂದಕ್ಕೆ ತಳ್ಳಿದ್ರೂ ಹೊಟ್ಟೆ ಸ್ಟೇರಿಂಗಿಗೆ ತಾಗ್ತಿತ್ತು. ತಿರುವಲ್ಲಿ ಕೈ ಅರ್ಧ ಕೆಲಸ ಮಾಡಿದ್ರೆ ಹೊಟ್ಟೆ ಅರ್ಧ ಮಾಡ್ತಿತ್ತು.

ಏನು? ಈಗ ಸಾಕು ಅಂತೀಯ? ಮುಖ ಬತ್ತಿದೆ ಅಂತೀಯ? ಅದೊಂದು ಹೇಳ್ಬೇಡ. ಈ ಮುಖಕ್ಕೆ ನಾನು ಪಟ್ಟ ಪಾಡು ನಿನಗೇನು ಗೊತ್ತು. ನೀನಿಲ್ಲಿ ಈ ಕುರ್ಚಿಯಲ್ಲಿ ಆರಾಮಾಗಿ ಕಾಲು ಚಾಚಿ ಒರಗಿರ್ತೀಯ, ವಾರಕ್ಕೆ ಮೂರು ಸಲ.

ಥೈರಾಯ್ಡು ಇರೋಳಿಗೆ ಕಿಲೋ ಅನ್ನೋದು ಬಾಡಿಗೆದಾರ ಇದ್ದ ಹಾಗೆ, ಬಂದ್ರೆ ಹೋಗಲ್ಲ. ಮಂಡಿ ಬೇರೆ ಸವೆದು ಪುಡಿಯಾಗಿದೆ. ನಡಿ ಅಂದ್ರೆ ನಡೆಯೋಕಾಗಲ್ಲ, ನಡೀದೇ ಇದ್ರೆ ಕರಗಲ್ಲ, ಕರಗದೇ ಇದ್ರೆ ಮಂಡಿ ಆಪರೇಷನ್ ಮಾಡಲ್ಲ. ಆ ಡಾಕ್ಟರು ಹೀಗಂದಾಗ ನಾನು ಕೇಳಿದೆ, ಹಾಗಾದ್ರೆ ಹಾರಿಕೊಂಡು ಹೋಗ್ಲಾ ಅಂತ. ಅವನು ನಗಲಿಲ್ಲ. ಪಥ್ಯ ಹೇಳಿಕೊಡೋ ಒಬ್ಬ ಹುಡುಗಿ ಹತ್ತಿರ ಕಳಿಸಿದ. ಕಡ್ಡಿ ಹಾಗಿದ್ದಾಳೆ, ಊದಿದ್ರೆ ಸರೋವರದ ಆಚೆ ದಡಕ್ಕೆ ಹೋಗಿ ಬೀಳ್ತಾಳೆ. ಅವಳು ಕೇಳಿದಳು, "ಬೆಳಿಗ್ಗೆ ಏನು ತಿಂತೀರಿ ಮೆರ್ಯಾ?" ನಾನು ಸತ್ಯ ಹೇಳಿದೆ. ಅನ್ನ ತುಂಬಿದ ರೈ ಹಿಟ್ಟಿನ ಕಡುಬು, ಮೇಲೆ ಮೊಟ್ಟೆ ಬೆಣ್ಣೆ. ಎಷ್ಟು ಅಂದಳು. ತಟ್ಟೆ ಖಾಲಿ ಆಗೋವರೆಗೂ ಅಂದೆ. ಆಮೇಲೆ ಕೊನೇ ಸ್ಟಾಪಲ್ಲಿ ಬಸ್ಸು ನಿಂತಾಗ ಏಲಕ್ಕಿ ಬನ್ನು. ಯಾವ ಕೊನೇ ಸ್ಟಾಪು ಅಂದಳು. ಬಸ್ಸಿಗೆ ಎರಡು ಕೊನೆ ಇರುತ್ತೆ ತಾಯಿ, ಎರಡರಲ್ಲೂ ಅಂದೆ.

ಅವತ್ತಿಂದ ಓಟ್ಸ್ ಗಂಜಿ. ಬೆಣ್ಣೆ ಇಲ್ಲ, ಸಕ್ಕರೆ ಇಲ್ಲ, ಗೋಡೆಗೆ ಪೋಸ್ಟರ್ ಅಂಟಿಸೋ ಗೋಂದು ನೋಡು, ಅದೇ. ಮಧ್ಯಾಹ್ನ ಸೊಪ್ಪು, ಮೀನು. ರಾತ್ರಿ ಮತ್ತೆ ಸೊಪ್ಪು. ನಿನಗೆ ಕುಡಿಯೋ ನೀರಿಗೆ ಅಳತೆ, ನನಗೆ ಬೆಣ್ಣೆಗೆ ಅಳತೆ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿ ಇಬ್ಬರೂ ಎಂಥ ವೈಭೋಗ ಪಡ್ತಿದೀವಿ ನೋಡು.

ಈಜುಕೊಳದ ಕಥೆ ಹೇಳಿದ್ದೆನಾ? ಇಲ್ವಾ? ಅಯ್ಯೋ, ಅದನ್ನ ಕೇಳು.

ಮಂಡಿ ಹೋದವರಿಗೆ ನೀರಲ್ಲಿ ಓಡಿಸ್ತಾರೆ. ಸೊಂಟಕ್ಕೆ ತೇಲೋ ಬೆಲ್ಟು ಕಟ್ಟಿ ಆಳದ ಕಡೆ ಬಿಡ್ತಾರೆ, ಕಾಲಿಗೆ ನೆಲ ಸಿಗಲ್ಲ, ನಿಂತ ಹಾಗೇ ಓಡ್ಬೇಕು. ಮೊದಲ ದಿನ ಬೆಲ್ಟು ನನ್ನ ಸೊಂಟ ಸುತ್ತೋಕೆ ಸಾಲಲಿಲ್ಲ. ಅಲ್ಲಿಯ ಹುಡುಗಿ ಎರಡು ಬೆಲ್ಟು ಗಂಟು ಹಾಕಿ ಕಟ್ಟಿದಳು, ಹಡಗಿಗೆ ಹಗ್ಗ ಬಿಗಿಯೋ ಹಾಗೆ. ನೀರಿಗಿಳಿದೆ. ಓಡ್ತೀನಿ, ಓಡ್ತೀನಿ, ಇದ್ದಲ್ಲೇ ಇದ್ದೀನಿ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ, "ದಾರಿ ಬಿಡೇ ಹುಡುಗಿ." ತಿರುಗಿ ನೋಡಿದ್ರೆ ಹೂವಿನ ಟೋಪಿ ಹಾಕ್ಕೊಂಡ ಒಂದು ಅಜ್ಜಿ. ಕೆರ್ತು ಅಂತ. ಎಂಬತ್ತು ದಾಟಿದೆ. ಎರಡೂ ಸೊಂಟದ ಕೀಲು ಬದಲಾಯಿಸಿದ್ದಾರೆ. ನನ್ನ ಪಕ್ಕದಲ್ಲೇ, ಬಾಯಿ ಮುಚ್ಚದೇ ಸೊಸೆಯನ್ನ ಬೈಕೊಂಡು, ಹಾದು ಹೋದಳು. ಆ ಸುತ್ತು ಮುಗಿಸಿ ಬಂದು ಮತ್ತೆ ಹಾದು ಹೋದಳು. ಸೊಸೆಯನ್ನ ಬೈಯೋದು ಇನ್ನೂ ಮುಗಿದಿರಲಿಲ್ಲ.

ನಗೋದು ಇರ್ಲಿ, ಹೊರಗೆ ಬಂದದ್ದು ಕೇಳು. ಬರಲಿಲ್ಲ. ಏಣಿ ಹತ್ತೋಕೆ ಹೋದ್ರೆ ಮಂಡಿ ಮಡಚ್ತಾನೇ ಇಲ್ಲ, ಊದಿಕೊಂಡು ಕುಂಬಳಕಾಯಿ ಆಗಿದೆ. ಕೊನೆಗೆ ಅಂಗವಿಕಲರನ್ನ ಎತ್ತೋ ಕುರ್ಚಿ ತಂದರು, ಸಣ್ಣ ಕ್ರೇನ್ ಇರುತ್ತಲ್ಲ, ಅದು. ಅದು ನನ್ನನ್ನ ಎತ್ತುವಾಗ ಒಂದು ಶಬ್ದ ಮಾಡ್ತು ಇಲ್ಪೊ... ನಿನ್ನ ಹಳೇ ಬೋಟ್ ಇಂಜಿನ್ನು ಚಳಿಗಾಲ ಆದ್ಮೇಲೆ ಶುರುವಾಗುವಾಗ ಮಾಡುತ್ತಲ್ಲ, ಹಾಗೆ. ಇಡೀ ಕೊಳ ನಿಂತು ನೋಡ್ತು. ನಾನು ಗಾಳಿಯಲ್ಲಿ ನೇತಾಡ್ತಾ ಇದ್ದೆ, ನೀರು ತೊಟ್ಟಿಕ್ಕಿಸ್ಕೊಂಡು.

ಇನ್ನು ಈ ಕಡೆ ತಲೆ ಹಾಕಲ್ಲ ಅಂದ್ಕೊಂಡು ಸೌನಾ ಹಬೆ ಕೋಣೆಯಲ್ಲಿ ಮೂಲೆಗೆ ಹೋಗಿ ಕೂತೆ. ಕೆರ್ತು ಬಂದು ಮೇಲಿನ ಮೆಟ್ಟಿಲಲ್ಲಿ ಕೂತಳು. ಬಿಸಿ ಕಲ್ಲಿನ ಮೇಲೆ ನೀರು ಸುರಿದು ಅಂದಳು, "ನಾಳಿದ್ದು ಬಾ. ಆ ಕ್ರೇನಿಗೂ ಕೆಲಸ ಬೇಕು, ತುಕ್ಕು ಹಿಡೀತಿದೆ." ಅಷ್ಟೇ. ಸಮಾಧಾನ ಗಿಮಾಧಾನ ಏನೂ ಇಲ್ಲ. ನಾಳಿದ್ದು ಹೋದೆ. ಅವಳಿಗೋಸ್ಕರ ಅಲ್ಲ, ಅವಳನ್ನ ಒಂದು ಸಲ ಹಿಂದೆ ಹಾಕ್ಬೇಕು ಅಂತ.

ಹಾಕಿದೆನಾ ಅಂತೀಯ? ಎಲ್ಲಿ. ಆ ಮುದುಕಿ ಹೆಣವಾದ್ರೂ ನನಗಿಂತ ಮುಂದೆ ತೇಲುತ್ತೆ.

ಸಲೀಸಾಗಿ ಆಯ್ತು ಅಂದ್ಕೋಬೇಡ. ಹೋದ ಚಳಿಗಾಲದಲ್ಲಿ ತೂಕ ನಿಂತುಬಿಡ್ತು. ತಿಂದ್ರೂ ಅಷ್ಟೇ, ತಿನ್ನದಿದ್ರೂ ಅಷ್ಟೇ. ಥೈರಾಯ್ಡ್ ಮಾತ್ರೆ ಹೆಚ್ಚಿಸಿದ್ರು, ಆಗಲೂ ಮುಳ್ಳು ಅಲ್ಲಾಡಲಿಲ್ಲ. ಒಂದಿನ ಕೊನೇ ಸ್ಟಾಪಲ್ಲಿ, ಆಚೆ ಹಿಮಗಾಳಿ, ಬಸ್ಸಲ್ಲಿ ಒಬ್ಬರೂ ಇಲ್ಲ, ಬೇಕರಿಯಿಂದ ಒಂದು ಡಬ್ಬಿ ಬನ್ನು ತಂದಿದ್ದೆ, ಸಹೋದ್ಯೋಗಿಗಳಿಗೆ ಅಂತ ನನಗೇ ಸುಳ್ಳು ಹೇಳ್ಕೊಂಡು. ಕೂತು ಅಷ್ಟನ್ನೂ ತಿಂದೆ. ತಿಂತಾ ತಿಂತಾ ಅತ್ತೆ. ಬಾಯಲ್ಲಿ ಬನ್ನು ಇಟ್ಕೊಂಡು ಅಳೋದು ಸುಲಭ ಅಲ್ಲ, ಮೂಗು ಕಟ್ಟುತ್ತೆ, ಉಸಿರಿಗೆ ಜಾಗ ಇರಲ್ಲ. ಬಸ್ಸು ಹೊರಡೋದು ತಡ ಆಯ್ತು. ಹತ್ತಿದ ಹೆಂಗಸೊಬ್ಬಳು ನನ್ನ ಕೋಟಿನ ಮೇಲಿನ ಸಕ್ಕರೆ ನೋಡಿ ಹಿಮ ಅಂದ್ಕೊಂಡು ಒರೆಸೋಕೆ ಬಂದಳು.

ಮಾರನೇ ದಿನ ಮತ್ತೆ ನೀರಿಗಿಳಿದೆ. ನೋವು ಅಂದ್ರೆ ನೋವು, ಮಂಡಿಯೊಳಗೆ ಗಾಜು ಪುಡಿ ಮಾಡಿ ತುಂಬಿದ ಹಾಗೆ. ಮುಂಚೆ ಆಗಿದ್ರೆ ಎರಡು ನೋವಿನ ಮಾತ್ರೆ ನುಂಗಿ ಹೋಗ್ತಿದ್ದೆ, ನನ್ನ ಬ್ಯಾಗಲ್ಲಿ ಅದು ಪೆಪ್ಪರಮೆಂಟಿನ ಹಾಗೆ ಇರ್ತಿತ್ತಲ್ಲ. ಈಗ ಆ ಮಾತ್ರೆ ಮುಟ್ಟೋ ಹಾಗಿಲ್ಲ, ಹಲ್ಲು ಕಚ್ಕೊಂಡೇ...

ಯಾಕೆ?

ಯಾಕೆ ಅಂದ್ರೆ... ಹೊಟ್ಟೆ ಉರಿ. ಹೊಟ್ಟೆ ಉರಿಯುತ್ತೆ ಅದರಿಂದ. ಎಲ್ಲರಿಗೂ ಉರಿಯುತ್ತೆ. ನೀನ್ಯಾಕೆ ಹುಬ್ಬು ಗಂಟು ಹಾಕ್ತೀಯ, ಹೊಟ್ಟೆ ನಂದು ತಾನೇ. ನಿನಗೂ ಆ ಮಾತ್ರೆ ಬಿಡಿಸಿದ್ರು, ಗೊತ್ತು, ಇಲ್ಲಿಗೆ ಬಂದ ಮೊದಲ ವಾರವೇ ಬಿಡಿಸಿದ್ರು. ನಿಂದು ಬೇರೆ. ನಿಂದು ಕಿಡ್ನಿ.

ಇರ್ಲಿ, ಕೆರ್ತು ಸೊಸೆ ವಿಷಯ ಹೇಳ್ತಿದ್ದೆ... ಆ ಸೊಸೆ ಏನು ಮಾಡಿದಳು ಅಂದ್ರೆ... ಮರೆತೇ ಹೋಯ್ತು ನೋಡು.

ಆಪರೇಷನ್ನಾ? ಮಂಡೀದಾ? ಕರೆದ್ರು. ಮೇ ತಿಂಗಳಿಗೆ ದಿನ ಕೊಟ್ಟಿದ್ರು. ತೂಕ ಸಾಕಷ್ಟು ಇಳಿದಿದೆ, ಬನ್ನಿ ಅಂದ್ರು. ಈಗ ಬೇಡ ಅಂದೆ. ಮಂಡಿ ಎಲ್ಲೂ ಓಡಿ ಹೋಗಲ್ಲ, ಅದಕ್ಕೆ ಓಡೋಕೇ ಬರಲ್ಲ. ಇನ್ನೊಂದು ವರ್ಷ ಕಾಯುತ್ತೆ. ಬೇಸಿಗೆಯಲ್ಲಿ ಕೋಲು ಊರ್ಕೊಂಡು ಯಾರು ಓಡಾಡ್ತಾರೆ, ಸೊಳ್ಳೆ ಓಡಿಸೋಕೂ ಕೈ ಖಾಲಿ ಇರಲ್ಲ...

ಇಲ್ಪೊ.

ಇದು ನಗೋ ಜಾಗ. ಸೊಳ್ಳೆ ಅಂದೆ ನಾನು.

ಯಾಕೋ ಹಾಗೆ ನೋಡ್ತೀಯ? ನೀನು ಮಾತಾಡದೇ ಇರೋದು ನನಗೆ ಹೊಸದಲ್ಲ. ಹುಟ್ಟಿದಾಗಲೂ ನೀನು ಅಳಲಿಲ್ಲ, ಸೂಲಗಿತ್ತಿ ಎರಡು ಬಾರಿಸಿ ಅಳಿಸಿದಳು ಅಂತ ಅಮ್ಮ ಹೇಳ್ತಿದ್ದಳು. ನಿನ್ನ ಮೌನ ಎಲ್ಲ ನನಗೆ ಗೊತ್ತು. ಹಸಿವಿನದ್ದು ಬೇರೆ, ಕೋಪದ್ದು ಬೇರೆ, ಮೀನು ಸಿಗದೇ ಇದ್ದದ್ದು ಬೇರೆ. ಇದು ಯಾವುದು? ಇದನ್ನ ನಾನು ನೋಡಿಲ್ಲ.

ನೋಡ್ಬೇಡ ಹಾಗೆ. ಕಿಟಕಿ ಆಚೆ ನೋಡು.

...ಯಾರೂ ಹೇಳಲಿಲ್ಲ ಅಲ್ವಾ ನಿನಗೆ? ಡಾಕ್ಟರು ಹೇಳಲ್ಲ, ನಾನು ಹೂಂ ಅನ್ನೋವರೆಗೂ ಅವರು ಬಾಯಿ ಬಿಡೋ ಹಾಗಿಲ್ಲ. ನೀನೇ ಲೆಕ್ಕ ಹಾಕಿದೆ. ಮಾತ್ರೆ ಮುಟ್ಟೋ ಹಾಗಿಲ್ಲ ಅಂದೆನಲ್ಲ, ಆಗಲೇ. ಬಾಯಿ ನಂದು, ಬಸ್ಸಿನ ಬಾಗಿಲು ಇದ್ದ ಹಾಗೆ, ತಾನೇ ತೆರ್ಕೊಳ್ಳುತ್ತೆ.

ಸರಿ. ಹೌದು.

ತೂಕ ಇಳಿಸಿದ್ದು ಮಂಡಿಗಲ್ಲ. ಮಂಡಿಗೂ ಹೌದು, ಆ ಡಾಕ್ಟರು ಹೇಳಿದ್ದು ಸುಳ್ಳಲ್ಲ. ಆದ್ರೆ ಮಂಡಿಗೋಸ್ಕರ ಯಾವ ಹೆಂಗಸೂ ಬೆಣ್ಣೆ ಬಿಡಲ್ಲ ಇಲ್ಪೊ, ನಾನಂತೂ ಬಿಡಲ್ಲ. ಬರೀ ಮಂಡಿ ಮಾತಾಗಿದ್ರೆ ಈ ಜನ್ಮ ಪೂರ್ತಿ ಕುಂಟಿಕೊಂಡೇ ರೈ ಕಡುಬು ತಿಂತಿದ್ದೆ.

ನಿನ್ನ ಮಗಳು ವೆನ್ಲಾ ತನ್ನ ಒಂದು ಕಿಡ್ನಿ ಕೊಡ್ತೀನಿ ಅಂದಾಗ ನೀನು ಮಾಡಿದ ಗಲಾಟೆ ನೆನಪಿದೆಯಾ? ಊಟದ ಮೇಜಿಂದ ಎದ್ದು, ಕುರ್ಚಿ ಬೀಳಿಸಿ, "ನನಗೋಸ್ಕರ ಈ ಮನೆಯವರ ಮೈಮೇಲೆ ಚಾಕು ಬೀಳಕೂಡದು. ಈ ಮಾತು ಎತ್ತೋರು ಇನ್ನು ನನ್ನ ಬಾಗಿಲಿಗೆ ಬರ್ಬೇಡಿ" ಅಂದೆ. ಆ ಹುಡುಗಿ ಕಂಕುಳಲ್ಲಿ ಮಗು ಇಟ್ಕೊಂಡು ಅಳ್ತಾ ಹೋದಳು. ನಾನೂ ಅಲ್ಲೇ ಇದ್ದೆ, ಬಾಯಲ್ಲಿ ಆಲೂಗಡ್ಡೆ ಇತ್ತು. ಮಾರನೇ ವಾರ ಇಲ್ಲಿಗೆ ಬಂದೆ. ಈ ಬಾಗಿಲಿಂದ ಅಲ್ಲ, ಕೊಡೋರು ಬರೋ ಆ ಕಡೆಯಿಂದ.

ರಕ್ತ ನೋಡಿದ್ರು. ಹೊಂದುತ್ತೆ ಅಂದ್ರು. ಎಲ್ಲ ಹೊಂದುತ್ತೆ, ಆದ್ರೆ ನೀವು ತುಂಬಾ ದಪ್ಪ, ನಿಮ್ಮ ಮೇಲೆ ಚಾಕು ಇಟ್ರೆ ನಿಮಗೇ ಅಪಾಯ ಅಂದ್ರು. ತೂಕ ಇಳಿಸಿ ಬನ್ನಿ, ನೋಡೋಣ. ಆ ಡಾಕ್ಟರಮ್ಮ ಅದನ್ನ ಎಷ್ಟು ಮೆತ್ತಗೆ ಹೇಳಿದಳು ಅಂದ್ರೆ... ಇವಳು ಇನ್ನು ಬರಲ್ಲ ಅಂತ ಅವಳಿಗೆ ಖಾತ್ರಿ ಇತ್ತು, ಮುಖದಲ್ಲೇ ಕಾಣ್ತಿತ್ತು. ಎದ್ದು ನಿಂತು ಕೈ ಕುಲುಕಿದಳು, ಸಾವಿನ ಮನೇಲಿ ಕುಲುಕ್ತಾರಲ್ಲ, ಹಾಗೆ. ಕಾರಲ್ಲಿ ಕೂತು ನನ್ನ ಹೊಟ್ಟೆ ನೋಡ್ಕೊಂಡೆ. ನನ್ನ ತಮ್ಮನಿಗೂ ನನಗೂ ಮಧ್ಯೆ ಇದೊಂದು ಅಡ್ಡ ಕೂತಿದೆಯಲ್ಲ ಅನ್ನಿಸ್ತು. ಬರೀ ಬನ್ನು. ಇಷ್ಟು ವರ್ಷದ ಬನ್ನು.

ಇವತ್ತು ಬೆಳಿಗ್ಗೆ ಮತ್ತೆ ಅವಳ ಹತ್ತಿರ ಹೋಗಿದ್ದೆ. ಗುರುತೇ ಸಿಗಲಿಲ್ಲ ಅವಳಿಗೆ. ತಕ್ಕಡಿ ಮೇಲೆ ನಿಂತೆ, ಎರಡು ಸಲ ನಿಲ್ಲಿಸಿದಳು. ಆಮೇಲೆ ಆ ಪರೀಕ್ಷೆ ಈ ಪರೀಕ್ಷೆ ಎಲ್ಲ ತಿರುವಿ ಹಾಕಿ, ನಾನು ಒಂದರಲ್ಲೇ ಚೆನ್ನಾಗಿ ಬದುಕ್ತೀನಿ ಅಂದಳು. ಇನ್ನು ನಿನ್ನನ್ನ ಕೇಳ್ಬೇಕು ಅಷ್ಟೇ. ನೀನು ಬೇಡ ಅಂದ್ರೆ ಮುಗೀತು, ಅವರು ಬಲವಂತ ಮಾಡಲ್ಲ. ಅದಕ್ಕೇ ಬಂದೆ. ಹೇಳೋಣ ಅಂತಲೇ ಬಂದೆ, ಬಾಗಿಲಲ್ಲಿ ನಿನ್ನ ಮುಖ ನೋಡಿ ಪ್ಯಾಂಟಿನ ಕಥೆ ಶುರು ಮಾಡಿಬಿಟ್ಟೆ.

ನೋಡು, ಒಳ್ಳೇ ಮಾಲು ಅದು. ಬಸ್ ಡ್ರೈವರ್ ಕಿಡ್ನಿ. ಡ್ಯೂಟಿ ಮುಗಿಯೋವರೆಗೂ ತಡ್ಕೊಂಡು ಅಭ್ಯಾಸ ಅದಕ್ಕೆ, ಎಂಥ ಟ್ರಾಫಿಕ್ಕಲ್ಲೂ ಕೈ ಕೊಟ್ಟಿಲ್ಲ.

...ಇದಕ್ಕೂ ನಗಲ್ವಾ?

ಸರಿ, ಬೈ ಹಾಗಾದ್ರೆ. ವೆನ್ಲಾಗೆ ಬೈದ ಹಾಗೆ ಬೈ. ಕುರ್ಚಿ ಬೀಳಿಸೋಕಾಗಲ್ಲ, ಅದರಲ್ಲೇ ಕೂತಿದೀಯ. ಬೇಡ ಅನ್ನು. ನಿನ್ನ ಬಾಯಿಂದ ಮೊದಲು ಬರೋದೇ ಆ ಮಾತು. ಸಣ್ಣವನಿದ್ದಾಗ ಟೋಪಿ ಹಾಕ್ಕೋ ಅಂದ್ರೆ ಬೇಡ, ಊಟಕ್ಕೆ ಬಾ ಅಂದ್ರೆ ಬೇಡ. ಈಗ್ಯಾಕೆ ತಡ ಮಾಡ್ತೀಯ. ಅನ್ನು, ನಾನು ಎದ್ದು ಹೋಗ್ತೀನಿ.

...

ಇಲ್ಪೊ?

...ಅಳ್ಬೇಡ್ವೋ. ನಿನಗೆ ಅಳೋಕೆ ಬರಲ್ಲ, ಮುಖ ವಿಕಾರವಾಗ್ತಿದೆ. ಇಲ್ಲಿ ಕೈ ಕೊಡು. ಹಾಂ. ಸುಮ್ಮನಿರು, ಏನೂ ಹೇಳ್ಬೇಡ. ಬೇಡ ಅನ್ನಲಿಲ್ಲ ನೀನು, ನಾನು ಕೇಳಿಸ್ಕೊಂಡೆ.