ಅಳತೆಗೆ ನಿಂತವಳು

ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದ ಎನಿಡ್‌ಳ ಕಿವಿಗೆ ಪಕ್ಕದ ಬೆಂಚಿನ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಬೀಳುತ್ತಿತ್ತು.

“ನಿನ್ನ ಗಂಡನ ಪುಸ್ತಕ ನೋಡ್ದೆ ಕಣೇ ಹಿಲ್ಡಾ. ನಮ್ಮೂರ ಚರ್ಚು, ಬಾವಿ, ಯುದ್ಧದ ಸ್ಮಾರಕ, ಎಲ್ಲಾ ಫೋಟೋನೂ ಎಷ್ಟು ಚೆನ್ನಾಗಿ ಬಂದಿದೆ!”

“ಅದ್ರಲ್ಲಿ ನಾನು ಕಂಡ್ನಾ, ಡಾಫ್ನಿ?”

“ನೀನಾ? ಇಲ್ವಲ್ಲ.”

“ಒಂದೊಂದು ಫೋಟೋಗೂ ನಿಂತಿದ್ದೆ. ಗೋಡೆ ಎಷ್ಟೆತ್ತರ ಅಂತ ಜನಕ್ಕೆ ಗೊತ್ತಾಗ್ಬೇಕು, ಪಕ್ಕ ನಿಂತ್ಕೋ ಅಂತಿದ್ದ. ವರ್ಷಗಟ್ಲೆ ಚಳೀಲಿ ನಡುಗ್ತಾ ನಿಂತೆ.”

“ಮತ್ತೆ?”

“ಅಚ್ಚಿಗೆ ಹಾಕೋವಾಗ ನನ್ನನ್ನ ಕತ್ತರಿಸಿಬಿಟ್ಟ. ಊರಿನ ಚರಿತ್ರೇಲಿ ಹೆಂಡ್ತಿ ಯಾಕೆ ಅಂದ.”

“ಅಯ್ಯೋ, ಸ್ಮಾರಕದ ಪಕ್ಕ ಯಾರ್ದೋ ಮೊಣಕೈ ಇತ್ತಲ್ಲೇ!”

“ನಂದೇ.”

ಇಬ್ಬರೂ ನಕ್ಕರು. ಹಿಲ್ಡಾಳ ನಗು ಬೇಗ ನಿಂತಿತು.

“ಇವತ್ತು ಮುಂದಿನ ಪುಸ್ತಕಕ್ಕೆ ಹಳೇ ಸೇತುವೆ ಫೋಟೋ ಇತ್ತಲ್ವಾ? ನಿನ್ನ ಗಂಡ ಬರ್ನಾರ್ಡ್ ಅಲ್ಲಿ ಕಾಯ್ತಿರ್ತಾನೆ.”

“ನಾನು ನಿಲ್ಲೋ ಜಾಗದಲ್ಲಿ ನನ್ನ ಕೊಡೆ ಒರಗಿಸಿ ಬಂದಿದೀನಿ. ಅಳತೆಗೆ ಅಷ್ಟು ಸಾಕು.”

ಬಸ್ಸು ಬಂದು ನಿಂತಿತು. ಡಾಫ್ನಿ ಕಪ್ಪಗಾಗಿದ್ದ ಆಕಾಶದ ಕಡೆ ನೋಡಿದಳು.

“ಮಳೆ ಬಂದ್ರೆ ಏನೇ ಮಾಡ್ತೀಯಾ?”

“ನೆನೀತೀನಿ,” ಎನ್ನುತ್ತಾ ಹಿಲ್ಡಾ ಮೊದಲು ಹತ್ತಿದಳು.